ಫ್ರೂಗಲ್ ಅಂದ್ರೆ ಥ್ರಿಫ್ಟಿನಾ, ಮೈಸರ್ಲಿನಾ? ಇಂಗ್ಲಿಷ್ ಸಮಾನಾರ್ಥಕ, ವಿರುದ್ಧ ಪದ ಕಲಿಯೋ ಬಗ್ಗೆ

ಜಗಳೂರು ಪ್ಯಾಸೆಂಜರ್:
ಎಲ್ಲರಿಗೂ ನಮಸ್ಕಾರ. ಊರು ಜಗಳೂರು ಕಡೆ. ಈಗ ದಾವಣಗೆರೆ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಕೇಂದ್ರ ಸರ್ಕಾರಿ ಕೆಲಸಗಳ ಪರೀಕ್ಷೆಯಾದ ಎಸ್‌ಎಸ್‌ಸಿ ಸಿಜಿಎಲ್‌ಗೆ ಓದುತ್ತಿದ್ದೇನೆ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಗಣಿತ, ರೀಸನಿಂಗ್ ಪರವಾಗಿಲ್ಲ. ಗ್ರಾಮರ್ ಕೂಡ ಒಂದು ಮಟ್ಟಕ್ಕೆ ಹಿಡಿತಕ್ಕೆ ಬಂದಿದೆ. ತಲೆನೋವು ಇರೋದು ಪದಸಂಪತ್ತಿನದು, ಅಂದರೆ ವೊಕ್ಯಾಬ್‌ದು.

ನನ್ನ ಹತ್ರ ಇರೋದು ಜೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡ್ ನೋಟ್ಸ್. ಒಂದು ಪದ, ಅದರ ಮುಂದೆ ಐದಾರು ಸಿನೊನಿಮ್ (ಸಮಾನಾರ್ಥಕ), ಪಕ್ಕದಲ್ಲಿ ಐದಾರು ಆಂಟೊನಿಮ್ (ವಿರುದ್ಧ ಪದ). ಓದುವಾಗ ಎಲ್ಲಾ ತಲೆಗೆ ಹೋಗುತ್ತದೆ. ಮಾಕ್ ಟೆಸ್ಟ್‌ನಲ್ಲಿ ಮಾತ್ರ ನಾಲ್ಕು ಆಯ್ಕೆಯಲ್ಲಿ ಎರಡು ಸರಿ ಅನ್ನಿಸುತ್ತವೆ. ನೆನ್ನೆ ಬಂದ ಪ್ರಶ್ನೆ ನೋಡಿ. ‘ಫ್ರೂಗಲ್’ಗೆ ಸಮಾನಾರ್ಥಕ ಆರಿಸಿ: ಲ್ಯಾವಿಶ್, ಥ್ರಿಫ್ಟಿ, ಮೈಸರ್ಲಿ, ಪೂರ್. ನನ್ನ ನೋಟ್ಸ್‌ನಲ್ಲಿ ಥ್ರಿಫ್ಟಿ, ಮೈಸರ್ಲಿ ಎರಡೂ ಒಂದೇ ಸಾಲಿನಲ್ಲಿವೆ. ಉತ್ತರ ಥ್ರಿಫ್ಟಿ ಅಂತೆ. ಯಾಕೆ? ಇನ್ನೂ ದೊಡ್ಡ ಪಟ್ಟಿ ಹಿಡಿದು ಉರು ಹೊಡೆಯಬೇಕಾ, ಇಲ್ಲ ಬೇರೆ ದಾರಿ ಇದೆಯಾ? ಅನುಭವ ಇದ್ದವರು ಹೇಳಿ.

ಬೆಣ್ಣೆ ಡಬಲ್:
ಫ್ರೂಗಲ್ ಅಂದ್ರೆ ನಮ್ಮಪ್ಪ. ಮೈಸರ್ಲಿ ಅಂದ್ರೆ ನಮ್ಮ ಪಿಜಿ ಓನರ್. ಮುಗೀತು.

ಕೋಟೆ ಮೇಷ್ಟ್ರು:
ಬೆಣ್ಣೆ ಡಬಲ್ ತಮಾಷೆಗೆ ಹೇಳಿದರೂ ಉತ್ತರ ಅಲ್ಲೇ ಇದೆ. ನಾನು ಚಿತ್ರದುರ್ಗದವನು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತಿ ಆಗಿದ್ದೇನೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡಿಕೊಳ್ಳಬೇಡಿ.

ತಮ್ಮಾ, ಒಂದು ಸಂಗತಿ ಹೇಳು. ಮನೆಯಲ್ಲಿ ಅಜ್ಜ ಹೋದರೆ ‘ತೀರಿಕೊಂಡರು’ ಅಂತೀವಿ. ಮಠದ ಸ್ವಾಮಿಗಳಾದರೆ ‘ಲಿಂಗೈಕ್ಯರಾದರು’. ಗಡಿಯಲ್ಲಿ ಸೈನಿಕ ‘ಹುತಾತ್ಮನಾದ’. ಪೇಪರಿನಲ್ಲಿ ಅಪಘಾತದ ಸುದ್ದಿ ಬಂದರೆ ‘ಮೃತಪಟ್ಟರು’. ಎತ್ತು ‘ಸತ್ತಿತು’. ಆಗದವನು ಹೋದರೆ ‘ಗೊಟಕ್ ಅಂದ’ ಅನ್ನೋರೂ ಇದ್ದಾರೆ. ಇವೆಲ್ಲಾ ಸಮಾನಾರ್ಥಕ ಪದಗಳೇ. ಪಟ್ಟಿ ಮಾಡಿದರೆ ಒಂದೇ ಸಾಲಿನಲ್ಲಿ ಕೂರುತ್ತವೆ. ಆದರೆ ಸ್ವಾಮಿಗಳ ವಿಷಯದಲ್ಲಿ ‘ಗೊಟಕ್’ ಅಂದು ನೋಡು, ಊರಿಗೆ ಬರೋಕಾಗಲ್ಲ. ಇದನ್ನು ನಿನಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಯಾರು, ಯಾರ ಬಗ್ಗೆ, ಎಲ್ಲಿ ಹೇಳಿದರು ಅಂತ ಕೇಳಿ ಕೇಳಿ ಬಂತು.

ಇಂಗ್ಲಿಷ್‌ನಲ್ಲೂ ಹಂಗೇ. ಡೈ ಎಲ್ಲಾ ಕಡೆ ನಡೆಯುತ್ತದೆ. ಪಾಸ್ ಅವೇ ಮೆತ್ತಗಿನ ಮಾತು. ಪೆರಿಶ್ ಅಂದರೆ ಬೆಂಕಿ, ನೆರೆ, ಬರಗಾಲದಂಥ ಅನಾಹುತದಲ್ಲಿ. ಸಕ್ಕಂಬ್ ಅನ್ನೋದರ ಹಿಂದೆ ‘ಟು’ ಬರಲೇಬೇಕು ಅನ್ನೋ ಹಾಗೆ ಬರುತ್ತದೆ: ಸಕ್ಕಂಬ್ಡ್ ಟು ಇಂಜುರೀಸ್. ನಾವು ‘ಎಕ್ಸ್‌ಪೈರ್ ಆದರು’ ಅಂತ ಮನುಷ್ಯರಿಗೂ ಹೇಳಿಬಿಡುತ್ತೇವೆ. ಇಂಗ್ಲೆಂಡಿನವನಿಗೆ ಅದು ಹಾಲಿನ ಪ್ಯಾಕೆಟ್ಟು, ಪಾಸ್‌ಪೋರ್ಟು ನೆನಪಿಸುತ್ತದೆ.

ಈಗ ನಿನ್ನ ಪ್ರಶ್ನೆ. ದುಡ್ಡು ಕಮ್ಮಿ ಖರ್ಚು ಮಾಡೋದು ಅನ್ನೋ ಒಂದೇ ಸಂಗತಿ. ಹೊಗಳಿಕೆಯಲ್ಲಿ ಹೇಳಿದರೆ ಥ್ರಿಫ್ಟಿ, ಫ್ರೂಗಲ್. ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಅಂದರೆ ಎಕನಾಮಿಕಲ್. ಬಯ್ಯೋದಾದರೆ ಸ್ಟಿಂಜಿ, ಮೈಸರ್ಲಿ. ನಮ್ಮಲ್ಲಿ ‘ಹಿಡಿತದ ಮನುಷ್ಯ’, ‘ಕೈ ಬಿಗಿ’, ‘ಜಿಪುಣ’, ‘ಜುಗ್ಗ’ ಇದ್ದ ಹಾಗೆ. ಪ್ರಶ್ನೆ ತೆಗೆಯೋನು ಆ ಗೆರೆಯ ಮೇಲೇ ಎರಡು ಆಯ್ಕೆ ಇಡುತ್ತಾನೆ. ಅರ್ಥ ಗೊತ್ತಾ ಅಂತ ಅವನು ಕೇಳುತ್ತಿಲ್ಲ, ಹೊಗಳಿಕೆಯಾ ಬೈಗುಳವಾ ಗೊತ್ತಾ ಅಂತ ಕೇಳುತ್ತಿದ್ದಾನೆ.

ಇದೇ ಜಾತಿಯ ಜೋಡಿಗಳನ್ನು ಗುರುತು ಹಾಕಿಟ್ಟುಕೋ. ಸ್ಲಿಮ್ ಮತ್ತು ಸ್ಕಿನ್ನಿ. ಚೈಲ್ಡ್‌ಲೈಕ್ ಮತ್ತು ಚೈಲ್ಡಿಶ್. ಫೇಮಸ್ ಮತ್ತು ನಟೋರಿಯಸ್. ಕ್ಯೂರಿಯಸ್ ಮತ್ತು ನೋಸಿ. ಕಾನ್ಫಿಡೆಂಟ್ ಮತ್ತು ಆರೊಗಂಟ್. ಇನ್ನೊಂದು ಗುಂಡಿ: ಸ್ಪೆಂಡ್‌ಥ್ರಿಫ್ಟ್. ಒಳಗೆ ಥ್ರಿಫ್ಟ್ ಇದೆ ಅಂತ ಮಿತವ್ಯಯದ ಕಡೆ ಹಾಕಿಬಿಡಬೇಡ. ಅದು ದುಂದುಗಾರ.

ಜಗಳೂರು ಪ್ಯಾಸೆಂಜರ್:
ಮೇಷ್ಟ್ರೇ, ಸ್ಪೆಂಡ್‌ಥ್ರಿಫ್ಟ್ ನನ್ನ ನೋಟ್ಸ್‌ನಲ್ಲಿ ಫ್ರೂಗಲ್ ಸಾಲಿನಲ್ಲೇ ಇದೆ! ಪ್ರಿಂಟ್ ಮಾಡಿದವರೇ ಬಿದ್ದಿದ್ದಾರೆ ಗುಂಡಿಗೆ.

ಚಳ್ಳಕೆರೆ ಶೇಂಗಾ:
ಸರ್, ನಿಮ್ಮ ಮಾತು ಕೇಳೋಕೆ ಚೆಂದ. ಆದರೆ ಪರೀಕ್ಷೆ ಬರೆಯೋನ ಕಷ್ಟ ಬೇರೆ. ನಾನು ಸಿಜಿಎಲ್ ಬರೆದೇ ಕೆಲಸಕ್ಕೆ ಸೇರಿದವನು, ಅದಕ್ಕೆ ಹೇಳ್ತಿದ್ದೀನಿ. ಟಿಯರ್ 1 ರಲ್ಲಿ, ಅಂದರೆ ಮೊದಲ ಹಂತದಲ್ಲಿ, 60 ನಿಮಿಷಕ್ಕೆ 100 ಪ್ರಶ್ನೆ. ಅಂದರೆ ಒಂದಕ್ಕೆ 36 ಸೆಕೆಂಡು. ಇಂಗ್ಲಿಷ್ 25 ಪ್ರಶ್ನೆ, 50 ಅಂಕ. ತಪ್ಪಾದರೆ ಅರ್ಧ ಅಂಕ ಕಟ್. ಅಲ್ಲಿ ಕೂತು ಅಜ್ಜ ತೀರಿಕೊಂಡರಾ, ಲಿಂಗೈಕ್ಯರಾದರಾ ಅಂತ ಯೋಚನೆ ಮಾಡ್ತಾ ಕೂರೋಕೆ ಟೈಮ್ ಇಲ್ಲ. ಹಳೇ ಪ್ರಶ್ನೆಪತ್ರಿಕೆಯ ಪದಗಳು ಮತ್ತೆ ಮತ್ತೆ ಬರುತ್ತವೆ. ಅವನ್ನೇ ಪಟ್ಟಿ ಮಾಡಿ ಗಟ್ಟಿ ಹೊಡಿ. ವೊಕ್ಯಾಬ್‌ಗೆ ಅಷ್ಟು ಸಾಕು. ಗಣಿತಕ್ಕೆ ಟೈಮ್ ಕೊಡು ಗುರು.

ಬೆಣ್ಣೆ ಡಬಲ್:
ಶೇಂಗಾ ಅಣ್ಣ ಹೇಳೋದು ಸರಿ. ಸುಮ್ನೆ ಸಾಹಿತ್ಯ ಮಾಡಬೇಡಿ.

ಕೋಟೆ ಮೇಷ್ಟ್ರು:
ಶೇಂಗಾ ಅವರೇ, ಹಳೇ ಪ್ರಶ್ನೆಪತ್ರಿಕೆ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂಟಿ ಪದ ಕೊಟ್ಟು ಅರ್ಥ ಕೇಳಿದಾಗ ಪಟ್ಟಿ ಕೈ ಹಿಡಿಯುತ್ತದೆ. ಕ್ಲೋಜ್ ಟೆಸ್ಟ್‌ನಲ್ಲಿ? ಅಲ್ಲಿ ಬಿಟ್ಟ ಜಾಗಕ್ಕೆ ಕೊಡೋ ನಾಲ್ಕೂ ಪದ ಹೆಚ್ಚು ಕಮ್ಮಿ ಒಂದೇ ಅರ್ಥದವು ಇರುತ್ತವೆ. ಯಾವುದು ಆ ವಾಕ್ಯದಲ್ಲಿ ಕೂರುತ್ತದೆ ಅನ್ನೋದೇ ಪ್ರಶ್ನೆ. ಸ್ಟ್ರಾಂಗ್ ಟೀ ಅಂತಾರೆ, ಪವರ್‌ಫುಲ್ ಟೀ ಅನ್ನಲ್ಲ. ಪವರ್‌ಫುಲ್ ಎಂಜಿನ್ ಅಂತಾರೆ. ಮಳೆ ಹೆವಿ, ಗಾಳಿ ಸ್ಟ್ರಾಂಗ್. ಕ್ರೈಮ್ ಅನ್ನು ಕಮಿಟ್ ಮಾಡ್ತಾರೆ, ಡಿಸಿಷನ್ ಅನ್ನು ಮೇಕ್ ಮಾಡ್ತಾರೆ. ಈ ಜೊತೆಗಾರಿಕೆ ಪಟ್ಟಿಯಲ್ಲಿ ಇರಲ್ಲ.

ಇನ್ನು ಟೈಮ್ ವಿಷಯ. ಪದದ ಗುಣ ಗೊತ್ತಿದ್ದವನಿಗೆ 36 ಸೆಕೆಂಡು ಬೇಡ. ಎರಡು ಆಯ್ಕೆ ನಡುವೆ ಒದ್ದಾಡೋನಿಗೇ ಜಾಸ್ತಿ ಬೇಕಾಗೋದು.

ಚಳ್ಳಕೆರೆ ಶೇಂಗಾ:
ಕ್ಲೋಜ್ ಟೆಸ್ಟ್ ವಿಷಯ ಒಪ್ಪಿದೆ. ಉಳಿದಿದ್ದು ನನ್ನ ಮಾತೇ ನನ್ನದು.

ಮಂಡಿಪೇಟೆ:
ನಾನು ಪರೀಕ್ಷೆಯವನಲ್ಲ, ವ್ಯಾಪಾರದವನು. ಒಂದು ಅನುಮಾನ. ಪೂರ್ತಿ ಒಂದೇ ಅರ್ಥದ ಎರಡು ಪದ ಇರೋದೇ ಇಲ್ವಾ ಹಾಗಾದ್ರೆ? ನಮ್ಮ ಮಂಡಕ್ಕಿಗೆ ಮೈಸೂರು ಕಡೆ ಪುರಿ ಅಂತಾರೆ. ಹುಬ್ಬಳ್ಳಿಯೋರು ಚುರುಮುರಿ ಅಂತಾರೆ. ಮಾಲು ಒಂದೇ ಅಲ್ವಾ?

ಹಿರಿಯೂರು ಹುಡುಗಿ:
ಅಂಕಲ್, ಬೆಂಗಳೂರಲ್ಲಿ ಚುರುಮುರಿ ಕೇಳಿ ನೋಡಿ. ಈರುಳ್ಳಿ, ಟೊಮೆಟೊ, ಖಾರ ಹಾಕಿ ಕಲಸಿ ಪೊಟ್ಟಣ ಕೊಡ್ತಾರೆ. ಬರೀ ಮಂಡಕ್ಕಿ ಬೇಕಂದ್ರೆ ಅಲ್ಲಿ ಕಡ್ಲೆಪುರಿ ಅನ್ನಬೇಕು. ಇಂಗ್ಲಿಷ್‌ನಲ್ಲೂ ಊರಿನಿಂದ ಊರಿಗೆ ಬದಲಾಗೋ ಜೋಡಿ ಇವೆ. ಬ್ರಿಟಿಷರ ಲಿಫ್ಟ್ ಅಮೆರಿಕದಲ್ಲಿ ಎಲಿವೇಟರ್. ಆಟಮ್ ಅಲ್ಲಿ ಫಾಲ್. ಇವು ಪೂರ್ತಿ ಸಮಾನಾರ್ಥಕಕ್ಕೆ ಹತ್ತಿರ. ಆದರೂ ಒಬ್ಬನೇ ಮನುಷ್ಯ ಎರಡನ್ನೂ ಒಂದೇ ಥರ ಬಳಸಲ್ಲ.

ಕ್ರಯಪತ್ರ:
ಚಿತ್ರದುರ್ಗ ಕೋರ್ಟಿನಲ್ಲಿ ವಕೀಲರ ಹತ್ರ ಜೂನಿಯರ್ ಆಗಿದ್ದೀನಿ. ನಮಗೆ ಸಮಾನಾರ್ಥಕಗಳೇ ಊಟ. ನಲ್ ಅಂಡ್ ವಾಯ್ಡ್, ಸೀಸ್ ಅಂಡ್ ಡಿಸಿಸ್ಟ್, ಗೂಡ್ಸ್ ಅಂಡ್ ಚಾಟಲ್ಸ್, ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್. ಒಂದು ಸಾಲದು ಅಂತ ಎರಡೆರಡು. ಇದಕ್ಕೆ ಇತಿಹಾಸ ಇದೆ. 1066 ರಲ್ಲಿ ನಾರ್ಮಂಡಿಯವರು ಇಂಗ್ಲೆಂಡ್ ಗೆದ್ದರು. ಆಮೇಲೆ ನೂರಾರು ವರ್ಷ ಅರಮನೆ, ನ್ಯಾಯಾಲಯದ ಮಾತು ಫ್ರೆಂಚ್. ಜನರ ಮಾತು ಇಂಗ್ಲಿಷ್. ಚರ್ಚು, ವಿದ್ಯೆ ಲ್ಯಾಟಿನ್. ಪತ್ರದಲ್ಲಿ ಯಾವ ಪದ ಹಾಕಿದರೆ ಎಲ್ಲರಿಗೂ ತಿಳಿಯುತ್ತೆ ಅನ್ನೋ ಗೊಂದಲ ಇದ್ದಲ್ಲಿ ಎರಡನ್ನೂ ಹಾಕೋದು ರೂಢಿಯಾಯ್ತು. ವಿಲ್ ಹಳೇ ಇಂಗ್ಲಿಷು, ಟೆಸ್ಟಮೆಂಟ್ ಲ್ಯಾಟಿನ್. ಗೂಡ್ಸ್ ಹಳೇ ಇಂಗ್ಲಿಷು, ಚಾಟಲ್ಸ್ ಫ್ರೆಂಚ್. ಎಲ್ಲಾ ಜೋಡಿಯೂ ಹೀಗೇ ಹುಟ್ಟಿದ್ದಲ್ಲ. ಓದೋಕೆ ಗತ್ತು ಬರಲಿ ಅಂತ ಸೇರಿದ್ದೂ ಇವೆ.

ನಮ್ಮ ಹಳೇ ಕ್ರಯಪತ್ರ ತೆಗೆದು ನೋಡಿ. ‘ನಿಧಿ ನಿಕ್ಷೇಪ ಜಲ ತರು ಪಾಷಾಣ’ ಅಂತ ಒಂದು ಸಾಲು ಬರುತ್ತೆ. ನಿಧಿ, ನಿಕ್ಷೇಪ ಎರಡೂ ಹೂತಿಟ್ಟ ದುಡ್ಡಿನ ಸುತ್ತಲಿನ ಮಾತೇ. ಎರಡನ್ನೂ ಬರೆದರೆ ನಾಳೆ ಯಾರೂ ತಕರಾರು ತೆಗೆಯಬಾರದು ಅಂತ.

ಕೋಟೆ ಮೇಷ್ಟ್ರು:
ಕ್ರಯಪತ್ರ ಅವರು ಕೊಟ್ಟ ಇತಿಹಾಸ ಪರೀಕ್ಷೆಗೂ ಬರುತ್ತದೆ ನೋಡಿ. ಇಂಗ್ಲಿಷ್‌ನಲ್ಲಿ ಎಷ್ಟೋ ಪದ ಮೂರು ಅಂತಸ್ತಿನಲ್ಲಿವೆ. ಕೆಳಗೆ ಇಂಗ್ಲಿಷಿನ ಹಳೇ ಪದ, ಮಧ್ಯೆ ಫ್ರೆಂಚಿನದು, ಮೇಲೆ ಲ್ಯಾಟಿನ್ನಿಂದ ಬಂದದ್ದು. ಆಸ್ಕ್, ಕ್ವೆಶ್ಚನ್, ಇಂಟರಾಗೇಟ್. ಕಿಂಗ್ಲಿ, ರಾಯಲ್, ರೀಗಲ್. ರೈಸ್, ಮೌಂಟ್, ಅಸೆಂಡ್. ಫೈರ್, ಫ್ಲೇಮ್, ಕಾನ್‌ಫ್ಲಗ್ರೇಷನ್. ಮೇಲೆ ಹೋದಷ್ಟೂ ಪದ ಉದ್ದ, ಮಾತು ಬಿಗಿ. ಪೊಲೀಸಿನವರು ಇಂಟರಾಗೇಟ್ ಮಾಡ್ತಾರೆ. ಮಗು ಅಮ್ಮನ್ನ ಇಂಟರಾಗೇಟ್ ಮಾಡಲ್ಲ, ಆಸ್ಕ್ ಮಾಡುತ್ತೆ.

ನಮಗೆ ಇದು ಹೊಸದಲ್ಲ. ಮನೆ ಅಂತೀವಿ, ಆದರೆ ಕಾರ್ಡಿನಲ್ಲಿ ‘ಗೃಹಪ್ರವೇಶ’. ನೀರು ಕುಡೀತೀವಿ, ಇಲಾಖೆ ಮಾತ್ರ ‘ಜಲಸಂಪನ್ಮೂಲ’. ಬೆಂಕಿ ಬಿದ್ದರೆ ಬರೋದು ‘ಅಗ್ನಿಶಾಮಕ’ದವರು. ಇಂಗ್ಲಿಷಿಗೆ ಲ್ಯಾಟಿನ್ ಮಾಡಿದ ಕೆಲಸವನ್ನ ನಮಗೆ ಸಂಸ್ಕೃತ ಮಾಡಿದೆ. ಹೊಸ ಇಂಗ್ಲಿಷ್ ಪದ ಸಿಕ್ಕಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ‘ಮನೆ’ ಥರದ್ದಾ, ‘ಗೃಹ’ ಥರದ್ದಾ? ಅರ್ಧ ಗೊಂದಲ ಅಲ್ಲೇ ಹೋಗುತ್ತೆ.

ಎಂಟನೇ ಕ್ಲಾಸ್ ಅಮ್ಮ:
ನಮಸ್ತೆ. ನನ್ನ ಪ್ರಶ್ನೆ ಸಣ್ಣದು. ಮಗಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಪ್ರಬಂಧದಲ್ಲಿ ‘ಅಡ್ವಾನ್ಸ್ಡ್’ ಪದ ಹಾಕಿದರೆ ಜಾಸ್ತಿ ಮಾರ್ಕ್ಸ್ ಅಂತ ಯಾರೋ ಹೇಳಿದಾರೆ. ಈಗ ಕಂಪ್ಯೂಟರಲ್ಲಿ ಪದದ ಮೇಲೆ ರೈಟ್ ಕ್ಲಿಕ್ ಮಾಡೋದು, ಸಿನೊನಿಮ್ಸ್ ಅಂತ ಬರುತ್ತಲ್ಲ, ಅದರಲ್ಲಿ ಉದ್ದದ್ದು ಯಾವುದೋ ಅದನ್ನ ಹಾಕೋದು. ಮೊನ್ನೆ ಅಜ್ಜಿ ಬಗ್ಗೆ ಬರೆದಿದ್ದಾಳೆ: ‘ಮೈ ಗ್ರ್ಯಾಂಡ್‌ಮದರ್ ಈಸ್ ಏನ್ಷಂಟ್ ಅಂಡ್ ಬೆನೆವೊಲೆಂಟ್. ಹರ್ ಫುಡ್ ಈಸ್ ಆಲ್ಸೋ ಬೆನೆವೊಲೆಂಟ್.’ ಓದಿ ನಗು ತಡೆಯೋಕಾಗಲಿಲ್ಲ. ಹೇಗೆ ತಿದ್ದೋದು?

ಬೆಣ್ಣೆ ಡಬಲ್:
ಅಜ್ಜಿ ಏನ್ಷಂಟ್ ಆದ್ರೆ ಕೋಟೆ ಜೊತೆ ಅವರನ್ನೂ ಪುರಾತತ್ವ ಇಲಾಖೆಗೆ ಸೇರಿಸ್ತಾರೆ ಅಕ್ಕಾ.

ಹಿರಿಯೂರು ಹುಡುಗಿ:
😂 ಅಕ್ಕ, ಹುಡುಗಿಗೆ ಬಯ್ಯಬೇಡಿ. ಪದದ ಹುಚ್ಚು ಇದೆಯಲ್ಲ, ಅದು ಒಳ್ಳೇದೇ. ತಪ್ಪು ಇರೋದು ಆ ರೈಟ್ ಕ್ಲಿಕ್‌ನಲ್ಲಿ. ಅದು ಹತ್ತಿರದ ಪದಗಳನ್ನು ತೋರಿಸುತ್ತೆ, ವ್ಯತ್ಯಾಸ ಹೇಳಲ್ಲ. ಥೆಸಾರಸ್ ಅನ್ನೋ ಪುಸ್ತಕಗಳೂ ಹಾಗೇ. ಈ ಪರಂಪರೆಗೆ ಹೆಸರು ತಂದವರು ಪೀಟರ್ ಮಾರ್ಕ್ ರೋಜೆ ಅನ್ನೋ ಬ್ರಿಟಿಷ್ ವೈದ್ಯ. 1805 ರಲ್ಲೇ ತಮ್ಮ ಸ್ವಂತಕ್ಕೆ ಪದಗಳ ಪಟ್ಟಿ ಶುರು ಮಾಡಿದ್ದರು. ಅಚ್ಚಾಗಿದ್ದು 1852 ರಲ್ಲಿ, ಅವರ ಎಪ್ಪತ್ತು ದಾಟಿದ ಮೇಲೆ. ಪದಗಳನ್ನು ಅಕಾರಾದಿಯಲ್ಲಿ ಅಲ್ಲ, ವಿಷಯದ ಪ್ರಕಾರ ಗುಂಪು ಮಾಡಿದರು. ಅವರ ಲೆಕ್ಕದಲ್ಲಿ ಓದುಗನಿಗೆ ಪದ ಮೊದಲೇ ಗೊತ್ತಿರುತ್ತೆ, ನಾಲಿಗೆ ತುದಿಗೆ ಬರ್ತಿಲ್ಲ ಅಷ್ಟೇ. ಗೊತ್ತಿಲ್ಲದ ಪದವನ್ನು ಅಲ್ಲಿಂದ ಎತ್ತಿಕೊಂಡು ಹಾಕಿದರೆ ಅಜ್ಜಿ ಏನ್ಷಂಟ್ ಆಗ್ತಾರೆ.

ಮನೆಯಲ್ಲಿ ಒಂದು ನಿಯಮ ಮಾಡಿ. ಥೆಸಾರಸ್‌ನಲ್ಲಿ ಸಿಕ್ಕ ಪದವನ್ನು ಡಿಕ್ಷನರಿಯಲ್ಲಿ ತೆಗೆದು, ಅಲ್ಲಿರೋ ಉದಾಹರಣೆ ವಾಕ್ಯ ಓದಿದ ಮೇಲೇ ಪ್ರಬಂಧಕ್ಕೆ ಹಾಕಬೇಕು. ಕಲಿಯೋರಿಗಾಗಿ ಮಾಡಿದ ಡಿಕ್ಷನರಿ ಬರುತ್ತವೆ, ಲರ್ನರ್ಸ್ ಡಿಕ್ಷನರಿ ಅಂತ ಕೇಳಿ. ಅದರಲ್ಲಿ ವಾಕ್ಯಗಳು ಜಾಸ್ತಿ. ಬೆನೆವೊಲೆಂಟ್ ಅಂದರೆ ಪರೋಪಕಾರಿ. ಅದರ ಮುಂದೆ ಮನುಷ್ಯರು, ದೇವರು, ರಾಜರು, ಸಂಸ್ಥೆಗಳು ಬರುತ್ತವೆ. ಸಾರು ಬರಲ್ಲ.

ಕೋಟೆ ಮೇಷ್ಟ್ರು:
ಅಮರಕೋಶ ನಮ್ಮಲ್ಲಿ ಅದಕ್ಕಿಂತ ಎಷ್ಟೋ ಹಿಂದಿನದು. ಅಮರಸಿಂಹ ಸಂಸ್ಕೃತದ ಸಮಾನಾರ್ಥಕಗಳನ್ನು ವಿಷಯದ ಪ್ರಕಾರ ಮೂರು ಕಾಂಡ ಮಾಡಿ ಶ್ಲೋಕದಲ್ಲಿ ಇಟ್ಟ. ಮಕ್ಕಳು ಬಾಯಿಪಾಠ ಮಾಡ್ತಿದ್ದರು. ಶೇಂಗಾ ಅವರ ಗಟ್ಟಿ ಹೊಡೆಯೋ ಪಕ್ಷಕ್ಕೆ ಇದೊಂದು ಸಾಕ್ಷಿ ಅಂತ ನಾನೇ ಕೊಡ್ತಿದ್ದೀನಿ. ಆದರೆ ಬಾಯಿಪಾಠ ಮಾಡಿದವರು ಆಮೇಲೆ ಕಾವ್ಯ ಓದುತ್ತಿದ್ದರು. ಪದ ಬಳಕೆಯಾಗೋದನ್ನ ಅಲ್ಲಿ ನೋಡ್ತಿದ್ದರು. ಅದನ್ನ ಮರೀಬಾರದು.

ನೈಟ್ ಡ್ಯೂಟಿ:
ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ಸಮಾನಾರ್ಥಕದ ಗಲಾಟೆ ಆಯ್ತು, ವಿರುದ್ಧ ಪದದ ಬಗ್ಗೆ ಯಾರೂ ಹೇಳ್ತಿಲ್ವಲ್ಲ. ನಮ್ಮ ಕೆಲಸದಲ್ಲಿ ಅದೇ ಜಾಸ್ತಿ. ಗಡ್ಡೆ ಬಿನೈನ್ ಅಂದರೆ ಮನೆಯವರು ಉಸಿರು ಬಿಡ್ತಾರೆ, ಮಲಿಗ್ನೆಂಟ್ ಅಂದರೆ ಕುಸಿದು ಕೂರ್ತಾರೆ. ಹೈಪರ್, ಹೈಪೋ ಕಿವಿಗೆ ಹತ್ತಿರ, ಅರ್ಥ ತದ್ವಿರುದ್ಧ. ಬಿಪಿ ಹೆಚ್ಚಾದರೆ ಹೈಪರ್‌ಟೆನ್ಷನ್, ಇಳಿದರೆ ಹೈಪೋಟೆನ್ಷನ್. ಫೋನಿನಲ್ಲಿ ಹೇಳುವಾಗ ಬಿಡಿಸಿ ಹೇಳಬೇಕಾಗುತ್ತೆ.

ತಮಾಷೆ ಇರೋದು ಅಕ್ಯೂಟ್ ಪದದಲ್ಲಿ. ನಮ್ಮ ವಾರ್ಡಿನಲ್ಲಿ ಅದರ ವಿರುದ್ಧ ಕ್ರಾನಿಕ್. ಒಂದು ದಿಢೀರ್ ಬರೋ ಕಾಯಿಲೆ, ಇನ್ನೊಂದು ವರ್ಷಗಟ್ಟಲೆ ಇರೋದು. ತಮ್ಮನ ಗಣಿತದ ಪುಸ್ತಕದಲ್ಲಿ ಅಕ್ಯೂಟ್ ವಿರುದ್ಧ ಆಬ್ಟ್ಯೂಸ್, ಲಘುಕೋನ ಮತ್ತು ವಿಶಾಲಕೋನ. ಬುದ್ಧಿ ಬಗ್ಗೆ ಹೇಳಿದರೂ ಆಬ್ಟ್ಯೂಸ್ ನಡೆಯುತ್ತೆ, ಮಂದಬುದ್ಧಿಯವನು ಅಂತ. ಪದ ಒಂದೇ, ಕೋಣೆ ಬದಲಾದರೆ ಎದುರಾಳಿ ಬದಲು.

ಜಗಳೂರು ಪ್ಯಾಸೆಂಜರ್:
ಮೇಡಂ, ಇದು ಸಖತ್. ನಾನು ಅಕ್ಯೂಟ್ ಮುಂದೆ ‘ಡಲ್’ ಅಂತ ಒಂದೇ ಬರ್ಕೊಂಡಿದ್ದೆ.

ನೈಟ್ ಡ್ಯೂಟಿ:
ಡಲ್ ಕೂಡ ಸರಿನೇ, ನೋವು ಡಲ್ ಪೇಯ್ನ್ ಇರಬಹುದು. ವಾಕ್ಯ ನೋಡಿ ಅಷ್ಟೇ.

ಕೋಟೆ ಮೇಷ್ಟ್ರು:
ನರ್ಸ್ ತಾಯಿ ಒಳ್ಳೇ ಕಡೆ ತಿರುಗಿಸಿದರು. ವಿರುದ್ಧ ಪದ ಅಂದ ಕೂಡಲೇ ಎಲ್ಲಾ ಒಂದೇ ಥರ ಅಂದುಕೊಳ್ಳಬೇಡಿ. ಡೆಡ್ ಮತ್ತು ಅಲೈವ್ ನೋಡಿ. ಒಂದಲ್ಲ ಅಂದರೆ ಇನ್ನೊಂದು, ಮಧ್ಯೆ ಜಾಗ ಇಲ್ಲ. ಹಾಟ್ ಮತ್ತು ಕೋಲ್ಡ್ ಹಾಗಲ್ಲ. ಕಾಫಿ ಹಾಟ್ ಇಲ್ಲ ಅಂದ ಮಾತ್ರಕ್ಕೆ ಕೋಲ್ಡ್ ಅಂತಲ್ಲ. ನಡುವೆ ವಾರ್ಮ್, ಲ್ಯೂಕ್‌ವಾರ್ಮ್, ಟೆಪಿಡ್, ಕೂಲ್ ಇವೆ. ಆಚೆ ತುದಿಯಲ್ಲಿ ಸ್ಕಾಲ್ಡಿಂಗ್, ಈಚೆ ತುದಿಯಲ್ಲಿ ಫ್ರೀಜಿಂಗ್. ಸ್ಕಾಲ್ಡಿಂಗ್‌ಗೆ ವಿರುದ್ಧ ಕೇಳಿ, ಕೂಲ್ ಮತ್ತು ಫ್ರೀಜಿಂಗ್ ಎರಡೂ ಕೊಟ್ಟರೆ ತುದಿಗೆ ತುದಿ ಆರಿಸಿ. ಇದು ಗೊತ್ತಿದ್ದರೆ ಎಷ್ಟೋ ಪ್ರಶ್ನೆ ಸಲೀಸು. ಮೂರನೇ ಜಾತಿ ಟೀಚರ್ ಮತ್ತು ಸ್ಟೂಡೆಂಟ್, ಬೈ ಮತ್ತು ಸೆಲ್. ಒಂದಿದ್ದರೇ ಇನ್ನೊಂದು.

ಕೌಂಟರ್ 4:
ಬ್ಯಾಂಕಿನವನು ನಾನು. ಆ ಮೂರನೇ ಜಾತಿಯಲ್ಲಿ ನಮ್ಮೋರು ಜಾಸ್ತಿ ಎಡವೋದು ಲೆಂಡ್ ಮತ್ತು ಬಾರೋ. ಕನ್ನಡದಲ್ಲಿ ‘ಸಾಲ’ ಒಂದೇ, ಕೊಡೋದು ತಗೊಳೋದು ಮಾತ್ರ ಬೇರೆ. ಹಾಗಾಗಿ ‘ಐ ವಾಂಟ್ ಟು ಲೆಂಡ್ ಮನಿ ಫ್ರಮ್ ಬ್ಯಾಂಕ್’ ಅಂತ ಅರ್ಜಿ ಬರುತ್ತೆ. ಬ್ಯಾಂಕಿಗೆ ಸಾಲ ಕೊಡೋಕೆ ಬಂದಿದಾರೆ ಪುಣ್ಯಾತ್ಮರು!

ಕೋಟೆ ಮೇಷ್ಟ್ರು:
ಇದರ ತಿರುಗಾಮುರುಗಾ ಕೂಡ ಇದೆ. ಇಂಗ್ಲಿಷ್‌ನಲ್ಲಿ ಓಲ್ಡ್ ಒಂದೇ ಪದ. ನಮ್ಮಲ್ಲಿ ಮನೆ ಹಳೇದು, ಅಜ್ಜಿಗೆ ವಯಸ್ಸಾಗಿದೆ. ಹಳೇದಕ್ಕೆ ಎದುರು ಹೊಸದು, ನ್ಯೂ. ವಯಸ್ಸಾದವರಿಗೆ ಎದುರು ಚಿಕ್ಕವರು, ಯಂಗ್. ಲೈಟ್ ಅಂದರೆ ಬೆಳಕಿದ್ದರೆ ಡಾರ್ಕ್, ಹಗುರ ಇದ್ದರೆ ಹೆವಿ. ಹಾರ್ಡ್ ಅಂದರೆ ಗಟ್ಟಿಯಾದರೆ ಸಾಫ್ಟ್, ಕಷ್ಟವಾದರೆ ಈಸಿ. ವಾಕ್ಯವನ್ನು ಮನಸ್ಸಿನಲ್ಲೇ ಒಂದು ಸಲ ಕನ್ನಡದಲ್ಲಿ ಹೇಳಿಕೊಂಡರೆ ಎದುರಿನ ಪದ ತಾನಾಗೇ ಬರುತ್ತೆ.

ಹಿರಿಯೂರು ಹುಡುಗಿ:
ಸರ್, ಇಲ್ಲಿ ನನ್ನ ತಕರಾರಿದೆ. ಕೋಚಿಂಗ್‌ನಲ್ಲಿ ‘ಇಂಗ್ಲಿಷ್‌ನಲ್ಲೇ ಯೋಚನೆ ಮಾಡಿ, ಕನ್ನಡಕ್ಕೆ ತಿರುಗಿಸಬೇಡಿ’ ಅಂತಾರೆ.

ಕೋಟೆ ಮೇಷ್ಟ್ರು:
ಮಾತಾಡುವಾಗ ಆ ಮಾತು ಸರಿ ಮಗಾ. ತಿರುಗಿಸ್ತಾ ಕೂತರೆ ಎದುರಿಗಿರೋನು ಎದ್ದು ಹೋಗ್ತಾನೆ. ಪದದ ಅಳತೆ ತೆಗೆಯುವಾಗ ಮನೆಯಲ್ಲಿರೋ ತಕ್ಕಡಿ ಬಿಟ್ಟು ಪಕ್ಕದ ಮನೆಗೆ ಯಾಕೆ ಹೋಗಬೇಕು? ನಾವು ಕನ್ನಡ ಮೀಡಿಯಂ ಅಂತ ಕೊರಗೋ ಹುಡುಗರಿಗೆ ನಾನು ಹೇಳೋದು ಇದನ್ನೇ. ಸಮಾನಾರ್ಥಕದ ಸೂಕ್ಷ್ಮ ನಿಮಗೆ ಆಗಲೇ ಬರುತ್ತೆ, ಕನ್ನಡದಲ್ಲಿ ದಿನಾ ಮಾಡ್ತಿದ್ದೀರಿ.

ಮುಂದಕ್ಕೆ ಹೋಗೋಣ. ಪದದ ಮುಂದೆ ಅನ್, ಇನ್, ಡಿಸ್ ಹಚ್ಚಿ ವಿರುದ್ಧ ಮಾಡೋದು ಎಲ್ಲರಿಗೂ ಗೊತ್ತು. ಇನ್ ಅನ್ನೋದು ಪ, ಬ, ಮ ಮುಂದೆ ಇಮ್ ಆಗುತ್ತೆ: ಇಂಪಾಸಿಬಲ್. ಎಲ್ ಮುಂದೆ ಇಲ್: ಇಲ್ಲೀಗಲ್. ಆರ್ ಮುಂದೆ ಇರ್: ಇರ‍್ರೆಗ್ಯುಲರ್. ನಮ್ಮ ಸಂಧಿ ಥರವೇ, ಉಚ್ಚಾರಣೆ ಸಲೀಸಾಗಲಿ ಅಂತ. ಆದರೆ ವೇಷ ನೋಡಿ ಮೋಸ ಹೋಗಬೇಡಿ. ಇನ್‌ವ್ಯಾಲ್ಯುಬಲ್ ಅಂದರೆ ಬೆಲೆ ಇಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದ್ದು. ಕನ್ನಡದ ‘ಅಮೂಲ್ಯ’ ನೋಡಿ, ಅದೇ ಕಥೆ. ಬೆಲೆಯೇ ಇಲ್ಲದ್ದಕ್ಕೆ ವರ್ತ್‌ಲೆಸ್. ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹತ್ತೋದು, ಫ್ಲೇಮಬಲ್ ಅಂದರೂ ಅದೇ. ಇನ್‌ಫೇಮಸ್ ಅಂದರೆ ಹೆಸರು ಇಲ್ಲದವನಲ್ಲ, ಕುಖ್ಯಾತ. ಡಿಸ್‌ಇಂಟರೆಸ್ಟೆಡ್ ಅಂದರೆ ಪಕ್ಷಪಾತ ಇಲ್ಲದವನು, ಅನ್‌ಇಂಟರೆಸ್ಟೆಡ್ ಅಂದರೆ ಆಸಕ್ತಿ ಇಲ್ಲದವನು. ಈಗೀಗ ಎರಡನ್ನೂ ಬೆರೆಸಿ ಬಳಸ್ತಾರೆ, ಪರೀಕ್ಷೆಯಲ್ಲಿ ಹಳೇ ವ್ಯತ್ಯಾಸವನ್ನೇ ಹಿಡಿಯೋದು ಕ್ಷೇಮ.

ಕ್ರಯಪತ್ರ:
ಡಿಸ್‌ಇಂಟರೆಸ್ಟೆಡ್ ಜಡ್ಜ್ ಬೇಕು, ಅನ್‌ಇಂಟರೆಸ್ಟೆಡ್ ಜಡ್ಜ್ ಬೇಡ. ನಮ್ಮ ಸೀನಿಯರ್ ಹೇಳಿಕೊಟ್ಟಿದ್ದು.

ಹಿರಿಯೂರು ಹುಡುಗಿ:
ನಾನು ಜಿಆರ್‌ಇಗೆ ಓದ್ತಿದ್ದೀನಿ, ಫಾರಿನ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ಬರೆಯೋ ಪರೀಕ್ಷೆ. ಅಲ್ಲಿ ನೇರ ಆಂಟೊನಿಮ್ ಪ್ರಶ್ನೆಗಳನ್ನ 2011 ರಲ್ಲೇ ತೆಗೆದುಹಾಕಿದರು. ಈಗ ಇರೋದು ಸೆಂಟೆನ್ಸ್ ಇಕ್ವಿವಲೆನ್ಸ್ ಅಂತ. ಒಂದು ಬಿಟ್ಟ ಜಾಗ, ಆರು ಆಯ್ಕೆ, ಎರಡು ಆರಿಸಬೇಕು. ಎರಡರಲ್ಲಿ ಯಾವುದನ್ನ ಹಾಕಿದರೂ ವಾಕ್ಯದ ಅರ್ಥ ಒಂದೇ ಇರಬೇಕು. ಒಂದು ಸರಿ, ಒಂದು ತಪ್ಪು ಅಂದರೆ ಅರ್ಧ ಅಂಕ ಅಂತ ಏನೂ ಸಿಗಲ್ಲ. ಅದರಲ್ಲಿ ಚೇಷ್ಟೆ ಏನಪ್ಪಾ ಅಂದ್ರೆ, ಆರರಲ್ಲಿ ಒಳ್ಳೇ ಸಿನೊನಿಮ್ ಜೋಡಿ ಇನ್ನೊಂದನ್ನೂ ಇಟ್ಟಿರಬಹುದು. ಅದು ವಾಕ್ಯಕ್ಕೆ ಕೂರಲ್ಲ. ಪಟ್ಟಿ ಮಾತ್ರ ಓದಿದವರು ಜೋಡಿ ಕಂಡ ಕೂಡಲೇ ಟಿಕ್ ಮಾಡಿ ಮುಂದೆ ಹೋಗ್ತಾರೆ.

ನನಗೆ ಉಪಯೋಗ ಆಗಿದ್ದು ಬೇರುಗಳು. ಬೆನೆ ಅಂದರೆ ಒಳ್ಳೇದು, ಮ್ಯಾಲೆ ಅಂದರೆ ಕೆಟ್ಟದ್ದು. ಬೆನೆವೊಲೆಂಟ್ ಎದುರು ಮಲೆವೊಲೆಂಟ್. ನರ್ಸ್ ಅಕ್ಕ ಹೇಳಿದ ಬಿನೈನ್, ಮಲಿಗ್ನೆಂಟ್ ಕೂಡ ಅದೇ ಮನೆತನ. ಫಿಲ್ ಅಂದರೆ ಪ್ರೀತಿ, ಮಿಸ್ ಅಂದರೆ ದ್ವೇಷ: ಫಿಲಾಂತ್ರಪಿಸ್ಟ್ ಜನರಿಗೆ ಒಳ್ಳೇದು ಬಯಸೋನು, ಮಿಸಾಂತ್ರೋಪ್ ಜನರನ್ನ ದ್ವೇಷಿಸೋನು. ಮಾತಿನ ಬೇರು ಲೊಕ್ವಿಯಿಂದ ಲೊಕ್ವೇಷಸ್, ಎಲೊಕ್ವೆಂಟ್, ಕಲೋಕ್ವಿಯಲ್. ಒಂದು ವಾಚಾಳಿ, ಒಂದು ವಾಗ್ಮಿ, ಒಂದು ಆಡುಮಾತು.

ಚಳ್ಳಕೆರೆ ಶೇಂಗಾ:
ಗ್ರೆಗ್ ಬೇರು ನಂಗೂ ಗೊತ್ತು, ಹಿಂಡು ಅಂತ ಅರ್ಥ. ಕುರಿ ಹಿಂಡಿನ ಊರಿನವರು, ಮರೆಯೋದುಂಟಾ. ಹಿಂಡಿನ ಜೊತೆ ಇರೋಕೆ ಇಷ್ಟಪಡೋನು ಗ್ರಿಗೇರಿಯಸ್, ಅಂದರೆ ಜನರ ಜೊತೆ ಬೆರೆಯೋನು. ಹಿಂಡಿನಿಂದ ಬೇರೆ ಮಾಡೋದು ಸೆಗ್ರಿಗೇಟ್. ಹಿಂಡು ಸೇರೋದು ಕಾಂಗ್ರಿಗೇಟ್. ಆದರೆ ಇಗ್ರೀಜಿಯಸ್‌ನಲ್ಲಿ ಕೈ ಕೊಡ್ತು.

ಹಿರಿಯೂರು ಹುಡುಗಿ:
ಹ್ಞಾಂ, ಅದು ಎಲ್ಲರಿಗೂ ಕೈ ಕೊಡೋದೇ. ಮೂಲ ಅರ್ಥ ಹಿಂಡಿನಿಂದ ಎದ್ದು ಕಾಣೋನು, ಒಳ್ಳೇ ಅರ್ಥದಲ್ಲೇ ಇತ್ತು. ಈಗ ಎದ್ದು ಕಾಣುವಷ್ಟು ಕೆಟ್ಟದ್ದು. ಇಗ್ರೀಜಿಯಸ್ ಎರರ್ ಅಂದರೆ ಘೋರ ತಪ್ಪು. ಬೇರು ಬಾಗಿಲವರೆಗೆ ಬಿಡುತ್ತೆ, ಒಳಗೆ ನೀವೇ ಹೋಗಬೇಕು.

ಜಗಳೂರು ಪ್ಯಾಸೆಂಜರ್:
ಎಲ್ಲಾ ತಿಳೀತು. ಆದರೆ ನೆನಪಿನಲ್ಲಿ ಇಟ್ಟುಕೊಳ್ಳೋದು ಹೇಗೆ? ಇವತ್ತು ಓದಿದ್ದು ವಾರದಲ್ಲಿ ಮಾಯ.

ಕೌಂಟರ್ 4:
ನಾನು ಬ್ಯಾಂಕ್ ಪರೀಕ್ಷೆಗೆ ಮಾಡಿದ್ದು ಹೇಳ್ತೀನಿ. ಮರೆಯೋದು ಸಹಜ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿ 1885 ರಲ್ಲೇ ಬರೆದಿಟ್ಟಿದ್ದಾನೆ. ಮರೆವು ಮೊದಮೊದಲು ಜೋರು, ಆಮೇಲೆ ನಿಧಾನ. ಮರೆಯೋಕೆ ಸ್ವಲ್ಪ ಮುಂಚೆ ಮತ್ತೆ ನೆನಪು ಮಾಡಿಕೊಂಡರೆ ಪದ ಜಾಸ್ತಿ ದಿನ ಉಳಿಯುತ್ತೆ. ಇದನ್ನೇ ಸೆಬಾಸ್ಟಿಯನ್ ಲೈಟ್ನರ್ ಅನ್ನೋರು 1970 ರ ದಶಕದಲ್ಲಿ ಡಬ್ಬಿಗಳ ಪದ್ಧತಿ ಮಾಡಿದರು.

ಮನೆಯಲ್ಲಿ ಮದುವೆ ಕಾರ್ಡು ರಾಶಿ ಬಿದ್ದಿರುತ್ತವಲ್ಲ, ಒಂದು ಕಡೆ ಖಾಲಿ ಇರೋವು. ಅವನ್ನ ಕತ್ತರಿಸಿ ಚೀಟಿ ಮಾಡಿಕೊಂಡೆ. ಮುಂದೆ ಬರೀ ಪದ ಬರೀಬೇಡಿ. ಪದದ ಜಾಗ ಬಿಟ್ಟ ಒಂದು ವಾಕ್ಯ ಬರೀರಿ. ಹಿಂದೆ ಪದ, ಅದರ ಪಕ್ಕದ ಮನೆಯ ಒಂದು ಪದ, ಎದುರು ಮನೆಯ ಒಂದು ಪದ. ಹೊಗಳಿಕೆಯಾದರೆ ಮೂಲೆಯಲ್ಲಿ ಕೂಡಿಸೋ ಗುರುತು, ಬೈಗುಳವಾದರೆ ಕಳೆಯೋ ಗುರುತು. ಮೂರು ಸ್ವೀಟ್ ಬಾಕ್ಸ್ ಸಾಕು. ಮೊದಲನೇದು ದಿನಾ ನೋಡೋದು, ಎರಡನೇದು ಮೂರು ದಿನಕ್ಕೊಮ್ಮೆ, ಮೂರನೇದು ವಾರಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ. ತಪ್ಪಿದರೆ ಎಲ್ಲಿದ್ದರೂ ಮೊದಲನೇ ಡಬ್ಬಿಗೆ ವಾಪಸ್. ಮೊಬೈಲ್‌ನಲ್ಲಿ ಬೇಕಂದ್ರೆ ಆಂಕಿ ಆ್ಯಪ್ ಇದೇ ಕೆಲಸ ಮಾಡುತ್ತೆ. ನನಗೆ ಚೀಟಿಯೇ ಇಷ್ಟ, ಕೈಯಲ್ಲಿ ಮೊಬೈಲ್ ಇದ್ದರೆ ರೀಲ್ಸ್ ಕರೀತವೆ.

ಎಂಟನೇ ಕ್ಲಾಸ್ ಅಮ್ಮ:
ಮದುವೆ ಕಾರ್ಡಿನ ಉಪಾಯ ಮಗಳಿಗೆ ಹೇಳಿದೆ. ಕತ್ತರಿ ಹಿಡ್ಕೊಂಡು ಕೂತಿದ್ದಾಳೆ. ಮುಂದಿನ ವಾರದ ಮದುವೆ ಕಾರ್ಡೂ ಹೋಯ್ತು!

ಬೆಣ್ಣೆ ಡಬಲ್:
ನಾನೂ ಒಂದು ಸೀರಿಯಸ್ ಪ್ರಶ್ನೆ ಕೇಳ್ತೀನಿ. ‘ಸ್ಯಾಂಕ್ಷನ್’ಗೆ ವಿರುದ್ಧ ಪದ ಏನು? ಒಂದು ಮಾಕ್‌ನಲ್ಲಿ ಪ್ರೊಹಿಬಿಟ್ ಸರಿ ಅಂತಿದೆ. ಪೇಪರ್ ಓದಿದರೆ ಅಮೆರಿಕ ಯಾವುದೋ ದೇಶದ ಮೇಲೆ ಸ್ಯಾಂಕ್ಷನ್ಸ್ ಹಾಕಿತು ಅಂತಿದೆ. ಅಲ್ಲಿ ಅದೇ ನಿರ್ಬಂಧ ಅಲ್ವಾ?

ಕೌಂಟರ್ 4:
ಎರಡೂ ಸರಿ. ಸ್ಯಾಂಕ್ಷನ್ ತನಗೆ ತಾನೇ ವಿರುದ್ಧ ಪದ. ಒಪ್ಪಿಗೆ ಅಂತಲೂ ಅರ್ಥ, ದಂಡನೆ ಅಂತಲೂ ಅರ್ಥ. ಇಂಥವು ಇನ್ನೂ ಇವೆ. ಓವರ್‌ಸೈಟ್ ಅಂದರೆ ಮೇಲ್ವಿಚಾರಣೆ, ಕಣ್ತಪ್ಪು ಕೂಡ. ಕ್ಲೀವ್ ಅಂದರೆ ಸೀಳೋದು, ಅಂಟಿಕೊಳ್ಳೋದು ಕೂಡ. ಡಸ್ಟ್ ಅಂದರೆ ಧೂಳು ಒರೆಸೋದು, ಪುಡಿ ಉದುರಿಸೋದು ಕೂಡ. ಸುಳಿವು ವಾಕ್ಯದಲ್ಲಿ ಇರುತ್ತೆ. ‘ಸ್ಯಾಂಕ್ಷನ್ಡ್ ದ ಲೋನ್’ ಇದ್ದರೆ ಒಪ್ಪಿಗೆ, ಎದುರು ರಿಫ್ಯೂಸ್ಡ್ ಅಥವಾ ರಿಜೆಕ್ಟೆಡ್. ‘ಸ್ಯಾಂಕ್ಷನ್ಸ್ ಎಗೇನ್‌ಸ್ಟ್’ ಇದ್ದರೆ ದಂಡನೆ. ಒಂಟಿ ಪದ ಕೊಟ್ಟರೆ ನಾಲ್ಕು ಆಯ್ಕೆ ನೋಡಿ, ಅವರು ಯಾವ ಅರ್ಥ ಹಿಡಿದಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತೆ. ನಿಮ್ಮ ಮಾಕ್‌ನಲ್ಲಿ ಪ್ರೊಹಿಬಿಟ್ ಜೊತೆ ಅಪ್ರೂವ್, ಪರ್ಮಿಟ್ ಇದ್ದವಾ?

ಬೆಣ್ಣೆ ಡಬಲ್:
ಇದ್ದವು. ಅಪ್ರೂವ್, ಪರ್ಮಿಟ್, ಆಥರೈಸ್, ಪ್ರೊಹಿಬಿಟ್.

ಕೌಂಟರ್ 4:
ಮೂರು ಒಂದೇ ಕಡೆ, ಒಂದು ಇನ್ನೊಂದು ಕಡೆ. ಪದ ಗೊತ್ತಿಲ್ಲದಿದ್ದರೂ ಇದನ್ನ ಹೊಡೀಬಹುದಿತ್ತು.